ಗಿರಿಯ ಮರ, ಮನದ ಬಣ್ಣ

ಜೈನ ದರ್ಶನದಲ್ಲಿ ಮರವು ವನಸ್ಪತಿಕಾಯದ ಏಕೇಂದ್ರಿಯ ಜೀವಿ. ಸ್ಪರ್ಶವೊಂದೇ ಅದಕ್ಕಿರುವ ಇಂದ್ರಿಯ. ಗಾಳಿ ಬರಲಿ, ಕೊಡಲಿ ಬರಲಿ, ಅದು ಓಡಲಾರದು, ನಿಂತಲ್ಲಿಯೇ ಸಹಿಸಬೇಕು.

ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಈ ಸಹನೆ ಕಣ್ಣಿಗೆ ಕಾಣುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿಂದ ಕಳಸದಾಚೆಯ ಕುದುರೆಮುಖದವರೆಗೆ ಬೆಟ್ಟಗಳ ನೆತ್ತಿಯೆಲ್ಲ ಹುಲ್ಲುಗಾವಲು. ಮರಗಳಿರುವುದು ಕಣಿವೆಯ ಮಡಿಲಿನ ಶೋಲಾ ಕಾಡುಗಳಲ್ಲಿ. ಮುಂಗಾರಿನ ಬಿರುಗಾಳಿಗೆ ಎದುರಾಗಿ ಅವು ಎತ್ತರಕ್ಕೆ ಬೆಳೆಯುವುದಿಲ್ಲ. ಗಿಡ್ಡವಾಗಿ, ನಿಧಾನವಾಗಿ ಬೆಳೆದು, ತಲೆಗೆ ತಲೆ ತಾಗಿಸಿ ನಿಲ್ಲುತ್ತವೆ. ಆ ಒತ್ತಾದ ನೆರಳಿನಲ್ಲಿ ಸಸಿಗಳು ಬದುಕಿಕೊಳ್ಳುತ್ತವೆ, ನೀರು ಇಂಗಿ ಹಳ್ಳವಾಗಿ ಹರಿಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಬ್ರಿಸಲ್‌ಕೋನ್ ಪೈನ್ ಮರವೊಂದು 4,800 ವರ್ಷಗಳಿಗೂ ಮಿಗಿಲಾಗಿ ಬದುಕಿದೆ. ಅಲ್ಲಿಯೂ ಚಳಿ ಹೆಚ್ಚು, ಮಣ್ಣು ಬಡವು. ನಿಧಾನವಾಗಿ ಬೆಳೆದುದರಿಂದಲೇ ಅದರ ಕಾಂಡ ಗಟ್ಟಿ. ಕೀಟಕ್ಕೂ ಕೊಳೆತಕ್ಕೂ ಸುಲಭವಾಗಿ ಬಗ್ಗದು. ಅಲ್ಪದಲ್ಲಿ ಬಾಳುವುದು ಮರಕ್ಕೆ ಸ್ವಭಾವ. ಶ್ರಾವಕನಿಗೆ ಅದು ಪರಿಗ್ರಹ ಪರಿಮಾಣವೆಂಬ ಅಣುವ್ರತ.

ಲೇಶ್ಯೆಯ ದೃಷ್ಟಾಂತದಲ್ಲಿಯೂ ಮರವಿದೆ. ಹಸಿದ ಆರು ಮಂದಿ ಹಣ್ಣು ತುಂಬಿದ ನೇರಳೆ ಮರವನ್ನು ಕಂಡರು. ಒಬ್ಬನು ಬುಡವನ್ನೇ ಕಡಿಯೋಣವೆಂದ. ಇನ್ನೊಬ್ಬನಿಗೆ ದೊಡ್ಡ ಕೊಂಬೆ ಸಾಕು, ಮತ್ತೊಬ್ಬನಿಗೆ ಸಣ್ಣ ರೆಂಬೆ. ನಾಲ್ಕನೆಯವನು ಗೊಂಚಲನ್ನು, ಐದನೆಯವನು ಮಾಗಿದ ಹಣ್ಣನ್ನಷ್ಟೇ ಬಯಸಿದ. ಆರನೆಯವನು ನೆಲಕ್ಕೆ ಬಿದ್ದುದನ್ನೇ ಆಯ್ದುಕೊಂಡ. ಹಸಿವು ಎಲ್ಲರದೂ ಒಂದೇ. ಕೃಷ್ಣದಿಂದ ಶುಕ್ಲದವರೆಗೆ ಮನಸ್ಸಿನ ಬಣ್ಣ ಮಾತ್ರ ಬೇರೆ.

ಈ ನೆಲಕ್ಕೆ ಜಿನಧರ್ಮ ಹೊಸದಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಹೊಯ್ಸಳರ ಕಾಲದ ಬಸದಿಗಳಿವೆ. ಕಳಸವನ್ನು ಜೈನರಾದ ಭೈರರಸರು ಆಳಿದರು. ಇಂದು ಇಲ್ಲಿನ ಕಾಫಿ ತೋಟಗಳಲ್ಲಿ ಅತ್ತಿ, ಹಲಸು, ನಂದಿಯಂತಹ ಹಳೆಯ ಮರಗಳು ಗಿಡಕ್ಕೆ ನೆರಳಾಗಿವೆ. ಬೆಳಕಿಗಾಗಿ ಮರಗಸಿ ಮಾಡುವುದು ಕೃಷಿಕನಿಗೆ ಅನಿವಾರ್ಯ. ಆದರೆ ರೆಂಬೆ ಸವರಿದರೆ ಸಾಕಾಗುವಲ್ಲಿ ಬುಡಕ್ಕೆ ಕೊಡಲಿ ಇಡುವುದು ಬೇರೆಯೇ ಮಾತು. ನಿಷ್ಪ್ರಯೋಜನವಾಗಿ ಸಸ್ಯವನ್ನು ಕಡಿಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದು ಕರೆದು, ಅನರ್ಥದಂಡಗಳಲ್ಲಿ ಎಣಿಸಿದ್ದಾರೆ.

ಗೃಹಸ್ಥನಿಂದ ಧರ್ಮವು ಮುನಿಯ ಮಹಾವ್ರತವನ್ನು ಕೇಳುವುದಿಲ್ಲ. ಕೊಡಲಿ ಎತ್ತುವ ಮುನ್ನ, ತನಗೆ ಬೇಕಾದುದು ಹಣ್ಣೋ, ರೆಂಬೆಯೋ, ಬುಡವೋ ಎಂದು ಒಂದು ಕ್ಷಣ ವಿಚಾರಿಸುವ ಎಚ್ಚರವನ್ನು ಕೇಳುತ್ತದೆ. ತಲೆಮಾರುಗಳು ಕಾದು ಬೆಳೆದ ಮರದ ಅಳಿವು ಉಳಿವು ಆ ಕ್ಷಣದಲ್ಲಿದೆ. ಕಡಿಯುವವನ ಕರ್ಮಬಂಧವೂ ಅಲ್ಲಿಯೇ ಇದೆ.