ಹಳೆಯ ಮೋಟಾರು ಸೈಕಲ್ಲಿನ ಮೇಲೆ ಊರಿನ ದಾರಿ

ರಜೆಯ ಕಾಲ ಹತ್ತಿರ ಬಂದಿತೆಂದರೆ ಹೊರನಾಡಿನಲ್ಲಿರುವ ನಮ್ಮವರ ಮನಸ್ಸು ಊರಿನ ಕಡೆಗೆ ತಿರುಗುವುದು ಸಹಜ. ದೀಪಾವಳಿಯ ಮುಂಚೆ ರೈಲಿನ ಟಿಕೀಟು ಸಿಕ್ಕುವುದು ದುರ್ಲಭ. ಬಸ್ಸಿನ ದರವೂ ಆ ದಿನಗಳಲ್ಲಿ ಕೈಗೆ ನಿಲುಕುವುದಿಲ್ಲ. ಇಂತಹ ಹೊತ್ತಿನಲ್ಲಿ ಚಾಳಿನ ಮೂಲೆಯಲ್ಲಿ ನಿಂತಿರುವ ಹಳೆಯ ಮೋಟಾರು ಸೈಕಲ್ಲಿನ ಮೇಲೆ ಕಣ್ಣು ಬೀಳುತ್ತದೆ. ತಂದೆಯೋ ಸೋದರಮಾವನೋ ಕೊಂಡು ಬಿಟ್ಟುಹೋದ ಗಾಡಿ. ದಿನವೂ ಕೆಲಸಕ್ಕೆ ಹೋಗಿ ಬರುತ್ತಿದೆ. ಇದರ ಮೇಲೆಯೇ ಊರಿಗೆ ಹೋಗಿ ಬಂದರೆ ಹೇಗೆ ಎಂಬ ಯೋಚನೆ ಅನೇಕರಿಗೆ ಬರುತ್ತದೆ.

ಹೋಗಿ ಬರಬಹುದು ಎಂಬುದೇ ನಮ್ಮ ಉತ್ತರ. ಆದರೆ ಹಳೆಯ ಯಂತ್ರಕ್ಕೆ ದೂರಕ್ಕಿಂತ ಅವಸರವೇ ದೊಡ್ಡ ಶತ್ರು ಎಂಬುದನ್ನು ಮೊದಲು ಮನಗಾಣಬೇಕು. ಅದು ಏಕೆಂಬುದನ್ನು ಇಲ್ಲಿ ವಿವರಿಸುತ್ತೇವೆ. ದೃಷ್ಟಾಂತಕ್ಕಾಗಿ ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ ಹಾಗೂ ಯೆಜ್ಡಿ ಗಾಡಿಗಳನ್ನೂ, ಮುಂಬಯಿಯಿಂದ ಧಾರವಾಡದ ದಾರಿಯನ್ನೂ ತೆಗೆದುಕೊಳ್ಳೋಣ.

ಯಂತ್ರದ ಸ್ವಭಾವ

ಐಡಿಯಲ್ ಜಾವಾ ಸಂಸ್ಥೆಯು ೧೯೬೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಯಿತು. ಚೆಕೊಸ್ಲೊವಾಕಿಯದವರ ಪರವಾನಗಿ ಪಡೆದು ಅಲ್ಲಿ ಜಾವಾ ಗಾಡಿಗಳನ್ನು ಮಾಡುತ್ತಿದ್ದರು. ೧೯೭೩ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಆದುದರಿಂದ ಆ ಕಾರ್ಖಾನೆಯ ಕಟ್ಟಕಡೆಯ ಗಾಡಿಗೂ ಈಗ ಮೂವತ್ತರ ಆಸುಪಾಸಿನ ಪ್ರಾಯ. ೨೦೧೮ರಲ್ಲಿ ಜಾವಾ ಹೆಸರಿನಿಂದಲೂ ೨೦೨೨ರಲ್ಲಿ ಯೆಜ್ಡಿ ಹೆಸರಿನಿಂದಲೂ ಮತ್ತೆ ಬಂದ ಗಾಡಿಗಳು ಬೇರೆ ಜಾತಿಯವು. ಈ ಲೇಖನದ ಮಾತು ಅವಕ್ಕೆ ಸಲ್ಲದು.

ಮೈಸೂರಿನ ಹಳೆಯ ಗಾಡಿಗಳದು ಎರಡು ಸ್ಟ್ರೋಕಿನ ಎಂಜಿನ್ನು. ಬುಲೆಟ್ಟಿನಂತಹ ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಎಂಜಿನ್ನಿನ ಎಣ್ಣೆಗೆ ಬೇರೆಯೇ ಜಾಗವಿದ್ದು, ಅಲ್ಲಿಂದ ಅದು ಎಲ್ಲ ಭಾಗಗಳಿಗೂ ಹರಿಯುತ್ತದೆ. ಎರಡು ಸ್ಟ್ರೋಕಿನ ಗಾಡಿಗೆ ಆ ಸೌಕರ್ಯವಿಲ್ಲ. ಗೇರು ಪೆಟ್ಟಿಗೆಗೆ ಹಾಕುವ ಎಣ್ಣೆ ಅಲ್ಲಿಗೇ ಸರಿ. ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನೊಡನೆ ಟಾಕಿಯಲ್ಲೇ ಬೆರೆಸಬೇಕು. ಪೆಟ್ರೋಲು ಒಳಗೆ ಹೋದಷ್ಟೇ ಎಣ್ಣೆಯೂ ಹೋಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಲೀಟರಿಗೆ ಸುಮಾರು ೪೦ ಮಿಲಿಲೀಟರು ಎಣ್ಣೆ ಹಾಕುವುದು ಸಾಮಾನ್ಯ ರೂಢಿ. ಧಾರವಾಡದವರೆಗಿನ ದಾರಿ ೫೭೦ ಕಿಲೋಮೀಟರಿನ ಆಸುಪಾಸು. ಗಾಡಿ ಲೀಟರಿಗೆ ೨೮ ಕಿಲೋಮೀಟರು ಕೊಟ್ಟೀತೆಂದು ಹಿಡಿದರೆ ೨೦ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲೂ, ೮೦೦ ಮಿಲಿಲೀಟರಿಗಿಂತ ತುಸು ಹೆಚ್ಚು ಎಣ್ಣೆಯೂ ಬೇಕು. ಈ ಎಣ್ಣೆ ಈಗ ಎಲ್ಲ ಪೆಟ್ರೋಲು ಪಂಪುಗಳಲ್ಲಿ ಸಿಕ್ಕುವುದಿಲ್ಲವಾದ್ದರಿಂದ ಒಂದು ಲೀಟರಿನ ಡಬ್ಬಿಯನ್ನೂ ಒಂದು ಅಳತೆಯ ಲೋಟವನ್ನೂ ಚೀಲದಲ್ಲಿ ಇಟ್ಟುಕೊಳ್ಳಬೇಕು. ಕಣ್ಣಳತೆಯಲ್ಲಿ ಸುರಿಯಬಾರದು. ಎಣ್ಣೆ ಹೆಚ್ಚಾದರೆ ಪ್ಲಗ್ಗು ಮಸಿ ಹಿಡಿಯುತ್ತದೆ. ಕಡಿಮೆಯಾದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಹಿಡಿದುಕೊಳ್ಳುವುದೆಂದರೇನು? ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಅದು ಓಡಾಡುವ ಸಿಲಿಂಡರು ಬೀಡು ಕಬ್ಬಿಣದ್ದು. ಒಂದೇ ಕಾವಿಗೆ ಅಲ್ಯುಮಿನಿಯಮ್ಮು ಬೀಡು ಕಬ್ಬಿಣಕ್ಕಿಂತ ಸುಮಾರು ಇಮ್ಮಡಿಯಾಗಿ ಹಿಗ್ಗುತ್ತದೆ. ಬಿಸಿ ಮಿತಿಮೀರಿದಾಗಲೋ ಎಣ್ಣೆಯ ಪೊರೆ ತೆಳುವಾದಾಗಲೋ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಮಿಸ್ತ್ರಿಗಳು ಇದಕ್ಕೆ ಎಂಜಿನ್ನು ಸೀಜಾಯಿತು ಎನ್ನುತ್ತಾರೆ. ಆಗ ಹಿಂದಿನ ಗಾಲಿಯೂ ಥಟ್ಟನೆ ನಿಂತು ಗಾಡಿ ಜಾರುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಆಮೇಲಿನದನ್ನು ಹೇಳಬೇಕಾಗಿಲ್ಲ. ಆದುದರಿಂದ ಎಂಜಿನ್ನಿನ ಸದ್ದು ಬಿಗಿದಂತಾಗಿ ಗಾಡಿಯನ್ನು ಯಾರೋ ಹಿಂದಕ್ಕೆ ಎಳೆದಂತಾದ ಕ್ಷಣದಲ್ಲೇ ಕ್ಲಚ್ಚು ಹಿಡಿದು, ಎಡಕ್ಕೆ ಸರಿದು ನಿಲ್ಲಬೇಕು. ಉದ್ದ ದಾರಿಯಲ್ಲಿ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರುವುದು ಒಳ್ಳೆಯ ಅಭ್ಯಾಸ. ನಿಂತ ಮೇಲೆ ಅರ್ಧ ಗಂಟೆಯಾದರೂ ಎಂಜಿನ್ನನ್ನು ತಣಿಯಗೊಡಬೇಕು. ಬಿಸಿ ಎಂಜಿನ್ನಿನ ಮೇಲೆ ನೀರು ಸುರಿಯಬಾರದು.

ಘಟ್ಟದ ಏರು, ಘಟ್ಟದ ಇಳಿತ

ಮುಂಬಯಿ-ಪುಣೆ ದ್ರುತಗತಿ ಮಾರ್ಗದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾವು ಪನವೇಲ, ಖೋಪೋಲಿಗಳ ಮೇಲೆ ಹಳೆಯ ಹೆದ್ದಾರಿ ಹಿಡಿದು ಖಂಡಾಳೆಯ ಘಟ್ಟ ಹತ್ತಬೇಕು. ಊರಿಗೆ ಹೋಗುವಾಗ ಇದು ಏರು. ಹಿಂದೆ ಒಬ್ಬರನ್ನು ಕೂರಿಸಿ ಗಂಟುಮೂಟೆಯನ್ನೂ ಕಟ್ಟಿದ್ದರೆ ಎಂಜಿನ್ನು ಬೇಗ ಕಾಯುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ, ಮೆಲ್ಲಗೆ ಸಾಗುವ ಏರಿನಲ್ಲಿ ಬೇಕಾದಷ್ಟು ಗಾಳಿ ತಾಗುವುದಿಲ್ಲ. ಮೇಲಿನ ಗೇರಿನಲ್ಲಿ ಏದುಸಿರು ಬಿಡಿಸುವುದಕ್ಕಿಂತ ಕೆಳಗಿನ ಗೇರಿಗೆ ಇಳಿಸಿ ಹತ್ತಿಸಬೇಕು. ಮೇಲೆ ಬಂದೊಡನೆ ಚಹಾ ಕುಡಿಯುವ ನೆಪದಲ್ಲಾದರೂ ನಿಲ್ಲಿಸಬೇಕು.

ಏರಿನಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಹೆಚ್ಚಿನ ಅಪಾಯವಿರುವುದು ಮರಳುವಾಗಿನ ಇಳಿತದಲ್ಲಿ. ಇಳಿಜಾರಿನಲ್ಲಿ ಸವಾರನು ರೇಸು ಪೂರ್ತಿ ಮುಚ್ಚುತ್ತಾನೆ. ಗಾಲಿಗಳ ಬಲದಿಂದ ಎಂಜಿನ್ನು ವೇಗವಾಗಿ ತಿರುಗುತ್ತಲೇ ಇರುತ್ತದೆ. ಆದರೆ ಪೆಟ್ರೋಲು ಹೋಗುತ್ತಿಲ್ಲವಾದ್ದರಿಂದ ಎಣ್ಣೆಯೂ ಹೋಗುವುದಿಲ್ಲ. ಅದಕ್ಕಾಗಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇದ್ದು, ಆಗಾಗ ಕ್ಲಚ್ಚು ಹಿಡಿದು ಒಂದು ಕ್ಷಣ ರೇಸು ಕೊಟ್ಟು ಬಿಡಬೇಕು. ಅಷ್ಟರಿಂದ ಪಿಸ್ಟನ್ನಿಗೆ ಎಣ್ಣೆ ಮುಟ್ಟುತ್ತದೆ. ಪೆಟ್ರೋಲು ಉಳಿಸಲೆಂದು ಎಂಜಿನ್ನು ಆರಿಸಿ ನ್ಯೂಟ್ರಲಿನಲ್ಲಿ ಇಳಿಯುವವರುಂಟು. ಹಾಗೆ ಮಾಡಿದರೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಹಳೆಯ ಗಾಡಿಯ ಡ್ರಮ್ ಬ್ರೇಕು ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ನಾಲ್ಕು ರೂಪಾಯಿ ಉಳಿಸಲು ಹೋಗಿ ಕೈಕಾಲು ಕಳೆದುಕೊಳ್ಳುವ ವ್ಯವಹಾರವಿದು.

ಹೊರಡುವ ಮುನ್ನ

ಮೊದಲನೆಯದು ಕಾಗದಪತ್ರ. ಖಾಸಗಿ ಗಾಡಿಯ ನೋಂದಣಿ ೧೫ ವರ್ಷದವರೆಗೆ ಮಾತ್ರ ಊರ್ಜಿತ; ಆ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ವಿಮೆ, ಹೊಗೆಯ ಪ್ರಮಾಣಪತ್ರ, ಲೈಸೆನ್ಸು ಇವೂ ಚಾಲ್ತಿಯಲ್ಲಿರಬೇಕು. ವಿಮೆಯಿಲ್ಲದೆ ಅಪಘಾತವಾದರೆ ಎದುರಿನವನಿಗೆ ಕೊಡಬೇಕಾದ ಪರಿಹಾರ ನಮ್ಮ ಸಂಬಳದಿಂದಲೇ ಹೋಗುತ್ತದೆ. ಕರ್ನಾಟಕದ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕೆಂಬುದನ್ನೂ ಮರೆಯಬಾರದು.

ಎರಡನೆಯದು ರಬ್ಬರು. ೨೦೨೫ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡಾ ೨೦ರಷ್ಟು ಎಥನಾಲ್ ಬೆರೆತು ಬರತೊಡಗಿದೆ. ಹಳೆಯ ಗಾಡಿಯ ಪೆಟ್ರೋಲು ನಳಿಗೆ, ವಾಶರುಗಳು ಇದಕ್ಕಾಗಿ ಮಾಡಿದವಲ್ಲ. ಮೆತ್ತಗಾಗಿ ಸೋರುವ ಸಂಭವವುಂಟು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿಯ ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ಅಲ್ಲದೆ ಈ ಪೆಟ್ರೋಲಿನಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ನು ಹೆಚ್ಚು ಕಾಯುತ್ತದೆ. ಆದುದರಿಂದ ಟಾಕಿ ತೊಳೆಸಿ, ನಳಿಗೆ ಬದಲಿಸಿ, ಕಾರ್ಬುರೇಟರನ್ನು ತಿಳಿದವರಿಂದ ಸರಿಪಡಿಸಿಕೊಳ್ಳಬೇಕು. ಟಾಯರುಗಳನ್ನು ನೋಡುವಾಗ ಗೀರು ಉಳಿದಿದೆಯೆಂದು ಸಮಾಧಾನಪಡಬಾರದು. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ೧೨೧೭ ಎಂದಿದ್ದರೆ ೨೦೧೭ರ ಹನ್ನೆರಡನೆಯ ವಾರದ ಟಾಯರು. ಅಷ್ಟು ಹಳೆಯದನ್ನು ಹೆದ್ದಾರಿಗೆ ಒಯ್ಯಬಾರದು.

ಮೂರನೆಯದು, ಹೊರಡುವ ಹಿಂದಿನ ದಿನ ಎಂಜಿನ್ನು ಬಿಚ್ಚಿಸಬಾರದು. ರಿಪೇರಿ ಏನಿದ್ದರೂ ಮೂರು ವಾರ ಮೊದಲೇ ಮುಗಿಸಿ, ಒಂದು ರವಿವಾರ ಐವತ್ತು ಕಿಲೋಮೀಟರು, ಮತ್ತೊಂದು ರವಿವಾರ ನೂರು ಕಿಲೋಮೀಟರು ಓಡಿಸಿ ನೋಡಬೇಕು. ದೋಷ ಕಾಣಿಸಿಕೊಳ್ಳುವುದಿದ್ದರೆ ಪರಿಚಯದ ಮಿಸ್ತ್ರಿಯ ಸಮೀಪದಲ್ಲೇ ಕಾಣಿಸಿಕೊಳ್ಳಲಿ.

ಜೊತೆಗೆ ಒಯ್ಯಬೇಕಾದವು ಹೆಚ್ಚೇನಿಲ್ಲ: ಎರಡು ಪ್ಲಗ್ಗು, ಪ್ಲಗ್ಗಿನ ಪಾನ, ಒಂದು ಪಾಯಿಂಟು ಸೆಟ್ಟು, ಕ್ಲಚ್ಚಿನ ಹಾಗೂ ರೇಸಿನ ಕೇಬಲ್ಲು, ಚೈನಿನ ಲಿಂಕು, ಒಂದು ಟ್ಯೂಬು, ತಂತಿ, ಬ್ಯಾಟರಿ. ಜಾವಾದಲ್ಲಿ ಗೇರಿನ ಕೋಲನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡಿದೆ. ಅದು ಸುಸ್ಥಿತಿಯಲ್ಲಿದ್ದರೆ ಕೇಬಲ್ಲು ಹರಿದರೂ ಮುಂದಿನ ಊರು ಮುಟ್ಟಬಹುದು. ಗಾಡಿ ದಾರಿಯಲ್ಲಿ ನಿಂತರೆ ಮೊದಲು ಪೆಟ್ರೋಲು ಬರುತ್ತಿದೆಯೇ, ಆಮೇಲೆ ಕಿಡಿ ಹಾರುತ್ತಿದೆಯೇ ಎಂದು ನೋಡಬೇಕು. ಬಿಚ್ಚಿದ ಪ್ಲಗ್ಗಿನ ತುದಿ ಕಾಫಿಯ ಬಣ್ಣವಿದ್ದರೆ ಎಂಜಿನ್ನು ಕ್ಷೇಮ. ಕಪ್ಪಾಗಿ ಒದ್ದೆಯಿದ್ದರೆ ಎಣ್ಣೆ ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಒಳಗೆ ಕಾವು ಮಿತಿಮೀರಿದೆ, ಹಾಗೆಯೇ ಮುಂದುವರಿಯಬಾರದು.

ದಾರಿಯ ಲೆಕ್ಕ

ಐವತ್ತರಿಂದ ಅರವತ್ತರ ವೇಗ ಈ ಗಾಡಿಗೆ ಸಾಕು. ನಿಂತು ಹೋಗುವುದನ್ನೂ ಸೇರಿಸಿದರೆ ಗಂಟೆಗೆ ಮೂವತ್ತೈದು ಕಿಲೋಮೀಟರಿನ ಲೆಕ್ಕ ಹಿಡಿಯಬೇಕು. ಮೊದಲ ದಿನ ಬೆಳಕು ಹರಿಯುತ್ತಲೇ ಹೊರಟು ಪುಣೆ ದಾಟಿ ಸಾತಾರೆಯಲ್ಲಿ ತಂಗುವುದು. ಅದು ೨೬೦ ಕಿಲೋಮೀಟರಿನಷ್ಟು. ಎರಡನೆಯ ದಿನ ಕರಾಡ, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರಗಳ ಮೇಲೆ ಬೆಳಗಾವಿ; ಎಂ. ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆ ದಾಟಿ ಕಿತ್ತೂರಿನ ಮೇಲೆ ಧಾರವಾಡ. ಕತ್ತಲಾದರೆ ಬೆಳಗಾವಿಯಲ್ಲೇ ಉಳಿಯತಕ್ಕದ್ದು. ಹಳೆಯ ಜಾವಾದ ಆರು ವೋಲ್ಟಿನ ದೀಪ ಇಂದಿನ ಹೆದ್ದಾರಿಗೆ ಸಾಲದು. ನಮಗೆ ದಾರಿ ಕಾಣುವುದಿಲ್ಲವೆಂಬುದಕ್ಕಿಂತ ಹಿಂದಿನ ಲಾರಿಯವನಿಗೆ ನಾವು ಕಾಣುವುದಿಲ್ಲವೆಂಬುದು ಹೆಚ್ಚಿನ ಭಯ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಹೊರಡುವುದಂತೂ ಸರ್ವಥಾ ಕೂಡದು.

ನಾಲ್ಕು ದಿನದ ರಜೆಯಲ್ಲಿ ಹೋಗುವುದಕ್ಕೆ ಎರಡು, ಬರುವುದಕ್ಕೆ ಎರಡು ದಿನ ಕಳೆದರೆ ಊರಿನಲ್ಲಿ ಕೂರುವುದು ಯಾವಾಗ? ವಾರದ ರಜೆ ಇಲ್ಲದವರು ಈ ಯೋಚನೆಯನ್ನು ಮುಂದಿನ ಸಲಕ್ಕೆ ಇಡುವುದೇ ಲೇಸು. ಸೋಮವಾರ ಕೆಲಸಕ್ಕೆ ಹಾಜರಾಗಬೇಕೆಂದು ರವಿವಾರ ಒಂದೇ ದಿನದಲ್ಲಿ ಮರಳಲು ಹೊರಟವನು, ಘಟ್ಟದ ಇಳಿತಕ್ಕೆ ಬರುವಷ್ಟರಲ್ಲಿ ಕತ್ತಲೆಯೂ ದಣಿವೂ ಒಟ್ಟಿಗೆ ಕೂಡಿರುತ್ತವೆ. ಗಾಡಿ ನಡುವೆ ಕೈಕೊಟ್ಟರೆ ಹಟ ಹಿಡಿಯಬಾರದು. ರೈಲ್ವೆ ಪಾರ್ಸಲಿನಲ್ಲಿ ಮೋಟಾರು ಸೈಕಲ್ಲು ಕಳಿಸಬಹುದು. ಸಾತಾರೆ, ಮಿರಜ, ಬೆಳಗಾವಿ, ಧಾರವಾಡ ಎಲ್ಲವೂ ರೈಲಿನ ದಾರಿಯಲ್ಲಿವೆ. ಟಾಕಿಯ ಪೆಟ್ರೋಲು ಪೂರ್ತಿ ತೆಗೆದು, ನೋಂದಣಿ ಪುಸ್ತಕದ ಹಾಗೂ ಗುರುತಿನ ಚೀಟಿಯ ಪ್ರತಿ ಕೊಡಬೇಕು. ಆ ಖರ್ಚಿನಷ್ಟು ಹಣವನ್ನು ಮೊದಲೇ ಬೇರೆಯಾಗಿ ಕಟ್ಟಿಟ್ಟುಕೊಂಡಿದ್ದರೆ ಕೆಟ್ಟ ಗಾಡಿಯನ್ನು ಹೇಗಾದರೂ ಓಡಿಸಿಕೊಂಡು ಹೋಗುವ ದುರ್ಬುದ್ಧಿ ಬರುವುದಿಲ್ಲ.

ಸವಾರನಿಗೂ ಹಿಂದೆ ಕೂತವರಿಗೂ ಗಟ್ಟಿ ಹೆಲ್ಮೆಟ್ಟು ಇರಲಿ. ಇನ್ನೊಂದು ಸಣ್ಣ ಸೂಚನೆ. ಊರಿಗೆ ದೂರವಾಣಿ ಮಾಡುವಾಗ ತಲಪುವ ದಿನವನ್ನಷ್ಟೇ ತಿಳಿಸಿ, ಗಂಟೆಯನ್ನು ತಿಳಿಸಬೇಡಿ. ಐದು ಗಂಟೆಗೆ ಬರುವೆನೆಂದರೆ ನಾಲ್ಕರಿಂದಲೇ ತಾಯಿ ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳು ಕಾಯುತ್ತಿದ್ದಾಳೆಂಬ ಎಣಿಕೆಯೇ ಮಗನ ಕೈಯಿಂದ ಹೆಚ್ಚು ರೇಸು ಕೊಡಿಸುತ್ತದೆ. ಸಂಜೆಯೊಳಗೆ ಆಗದಿದ್ದರೆ ಮರುದಿನ ಬೆಳಿಗ್ಗೆ ಬರುವೆನೆಂದು ಮೊದಲೇ ಹೇಳಿದ್ದರೆ ಇಬ್ಬರಿಗೂ ನಿಶ್ಚಿಂತೆ.