ಪ್ರಮಾಣಪತ್ರವಿಲ್ಲದ ಪಚ್ಚೆ ಕೊಳ್ಳಬಹುದೇ?

ಪ್ರಶ್ನೆ: ಆಲೂರು ಕಡೆಯ ಬೆಟ್ಟದಲ್ಲಿ ಸಿಕ್ಕಿದ್ದೆಂದು ಪರಿಚಯದವರೊಬ್ಬರು ಪಚ್ಚೆ ಹರಳು ತೋರಿಸುತ್ತಿದ್ದಾರೆ. ಪ್ರಮಾಣಪತ್ರವಿಲ್ಲ, ಬೆಲೆ ಕಡಿಮೆ. ಕೊಳ್ಳಬಹುದೇ?

ಉತ್ತರ: ಪಚ್ಚೆಯ ಬೆಲೆ ಕೊಟ್ಟಂತೂ ಬೇಡ. ಭಾರತದಲ್ಲಿ ಪಚ್ಚೆಗೆ ಹೆಸರಾದದ್ದು ರಾಜಸ್ಥಾನದ ಅಜ್ಮೇರ್ ಸುತ್ತಮುತ್ತಲ ಸೀಮೆ. ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲ.

ಹಾಗೆಂದು ಹಸಿರು ಕಲ್ಲಿನ ಮೂಲ ಈ ಊರುಗಳಿರುವ ಹಾಸನ ಜಿಲ್ಲೆಗೆ ಅಪರಿಚಿತವೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರ ಕ್ರೋಮೈಟ್ ಗಣಿಗೆ ಹೆಸರುವಾಸಿ. ಆ ಅದಿರಿನಲ್ಲಿರುವ ಕ್ರೋಮಿಯಂ ಧಾತುವೇ ಅಭ್ರಕದಲ್ಲಿ ಬೆರೆತರೆ ಫುಕ್ಸೈಟ್ ಎಂಬ ಹಸಿರು ಖನಿಜ, ಬೆರಿಲ್ ಹರಳಿನಲ್ಲಿ ಬೆರೆತರೆ ಪಚ್ಚೆ. ಎರಡೂ ಹಸಿರೇ, ಬೆಲೆ ಮಾತ್ರ ಅಜಗಜಾಂತರ. ಫುಕ್ಸೈಟ್ ಪದರಪದರವಾಗಿ ಮಿನುಗುತ್ತದೆ, ಚಾಕುವಿನ ಮೊನೆ ತಾಗಿದರೆ ಗೀರು ಬೀಳುತ್ತದೆ. ಪಚ್ಚೆಯ ಗಡಸುತನ ಮೋಸ್ ಮಾಪಕದಲ್ಲಿ 7.5ರಿಂದ 8.

10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹರಳನ್ನು ನೋಡಿ. ಒಳಗೆ ದುಂಡನೆಯ ಗಾಳಿಗುಳ್ಳೆಗಳಿದ್ದರೆ ಅದು ಗಾಜಿರುವ ಸಾಧ್ಯತೆಯೇ ಹೆಚ್ಚು. ಪಾಚಿಯಂಥ ಎಳೆಗಳು ಕಂಡರೂ ಅಸಲಿಯೆಂದು ಹಿಗ್ಗಬೇಡಿ. ಪ್ರಯೋಗಾಲಯದಲ್ಲಿ ಬೆಳೆಸಿದ ಪಚ್ಚೆಯಲ್ಲೂ ಎಳೆಗಳಿರುತ್ತವೆ. ಅಸಲಿ ಹರಳಿನ ಬಿರುಕು ಮರೆಸಲು ಎಣ್ಣೆ ತುಂಬುವುದಂತೂ ಈ ವ್ಯಾಪಾರದ ಹಳೆಯ ರೂಢಿ.

ಇವನ್ನೆಲ್ಲ ಬಿಡಿಸಿ ಹೇಳುವುದು ರತ್ನ ಪರೀಕ್ಷಾಲಯ. ಮಾರುವವರನ್ನೂ ಕರೆದುಕೊಂಡು ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಹರಳು ನೈಸರ್ಗಿಕವೇ, ಕ್ಯಾರೆಟ್ ತೂಕ ಎಷ್ಟು (1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ), ಎಣ್ಣೆ ತುಂಬಿದೆಯೇ ಎಂಬ ಮೂರು ವಿವರ ನೋಡಿ. ಬೆಲೆಯನ್ನು ವರದಿ ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ಎರಡು ಮೂರು ಚಿನ್ನದಂಗಡಿಗಳಲ್ಲಿ ವಿಚಾರಿಸಿ. ಪರೀಕ್ಷೆಗೆ ಮಾರುವವರು ಒಪ್ಪದಿದ್ದರೆ ಮುಂಗಡವನ್ನೂ ಕೊಡಬೇಡಿ.