ಕಳುಹಿಸುವ ಮುನ್ನ ಒಮ್ಮೆ ವಿಚಾರಿಸಿ

ಸಹೋದರಿಯರೇ, ‘ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ!’ ಎಂಬ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಏನು ಮಾಡುತ್ತೀರಿ? ತಾಯಿಯ ಕರುಳು ನಡುಗುತ್ತದೆ. ತಂಗಿಗೆ, ನಾದಿನಿಗೆ, ನೆರೆಮನೆಯವರಿಗೆ ಕೂಡಲೇ ಕಳುಹಿಸುತ್ತೀರಿ. ಉದ್ದೇಶ ಒಳ್ಳೆಯದೇ. ಆದರೆ 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಇಂಥದೇ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಇಂಜಿನಿಯರೊಬ್ಬನನ್ನು ಹೊಡೆದು ಕೊಂದಿತು. ಅವನ ಗೆಳೆಯರ ತಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು.

ಆ ದಿನಗಳಲ್ಲಿ ದೇಶವಿಡೀ ಹರಿದಾಡಿದ ಒಂದು ವಿಡಿಯೋದಲ್ಲಿ ಬೈಕ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ತಯಾರಿಸಿದ ಜಾಗೃತಿ ಚಿತ್ರ. ಮಗುವನ್ನು ಮರಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು!

ಕಾಲೇಜು ಕಲಿತವರು ಮೋಸ ಹೋಗುವುದಿಲ್ಲವೆಂದು ಭಾವಿಸಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 25 ವಿದ್ಯಾರ್ಥಿಗಳು, 10 ಇತಿಹಾಸ ತಜ್ಞರು ಮತ್ತು 10 ಸುದ್ದಿ ಪರಿಶೀಲಕರಿದ್ದರು. ವಿದ್ಯಾರ್ಥಿಗಳು ಮಾತ್ರವಲ್ಲ, ಇತಿಹಾಸ ತಜ್ಞರಲ್ಲೂ ಹಲವರು ಅಂತರ್ಜಾಲ ಪುಟದ ಅಂದ ಮತ್ತು ಲಾಂಛನಕ್ಕೆ ಮರುಳಾದರು. ಪರಿಶೀಲಕರು ಮಾತ್ರ ಆ ಪುಟದಲ್ಲಿ ಹೆಚ್ಚು ಹೊತ್ತು ಕೂರದೆ, ಅದರ ಬಗ್ಗೆ ಇತರರು ಏನು ಹೇಳುತ್ತಾರೆಂದು ಬೇರೆಡೆ ಹುಡುಕಿದರು.

ಇದು ನಮಗೆ ಹೊಸತೇ? ಮಗಳಿಗೆ ಸಂಬಂಧ ಬಂದಾಗ ವರನ ಕಡೆಯವರ ಮಾತನ್ನಷ್ಟೇ ಕೇಳಿ ಒಪ್ಪುತ್ತೇವೆಯೇ? ಅವರ ಊರಿನವರಲ್ಲಿ ವಿಚಾರಿಸುವುದಿಲ್ಲವೇ? ಸುದ್ದಿಗೂ ಅದೇ ಎಚ್ಚರ ಸಾಕು.

ಈ ವಿದ್ಯೆ ಭಾಷಣದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಯುನೆಸ್ಕೊ 2011ರಲ್ಲೇ ಶಿಕ್ಷಕರಿಗಾಗಿ ಇದರ ಪಠ್ಯಕ್ರಮ ಹೊರತಂದಿದೆ. ಕೇರಳದ ಕಣ್ಣೂರು ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ 2018ರಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಆರಂಭವಾಯಿತು. ನಮ್ಮ ಕಾಲೇಜುಗಳಲ್ಲೂ ವಾರಕ್ಕೊಂದು ತರಗತಿ ಇದಕ್ಕೆ ಮೀಸಲಾಗಲಿ. ವಿದ್ಯಾರ್ಥಿಗಳು ತಮ್ಮ ಮೊಬೈಲಿಗೆ ಬಂದ ಸಂದೇಶವನ್ನೇ ತಂದು ಪರೀಕ್ಷಿಸಲಿ: ಇದನ್ನು ಮೊದಲು ಹೇಳಿದವರು ಯಾರು? ಚಿತ್ರ ಎಲ್ಲಿಯದು, ಯಾವಾಗಿನದು? ಬೇರೆ ಯಾರಾದರೂ ವರದಿ ಮಾಡಿದ್ದಾರೆಯೇ? ನನ್ನಲ್ಲಿ ಭಯವನ್ನೋ ಕೋಪವನ್ನೋ ಎಬ್ಬಿಸಿ ಇದು ಏನನ್ನು ಮಾಡಿಸಲು ಹೊರಟಿದೆ?

ಉತ್ತರ ಸಿಗದಿದ್ದರೆ ‘ನನಗೆ ಗೊತ್ತಿಲ್ಲ’ ಎನ್ನುವುದೂ ಸರಿಯಾದ ಉತ್ತರವೇ. ಆದರೆ ಗೊತ್ತಿಲ್ಲದ್ದನ್ನು ಮುಂದೆ ಕಳುಹಿಸಬಾರದು. ಎಲ್ಲವನ್ನೂ ಅನುಮಾನಿಸುವುದನ್ನೂ ಕಲಿಸಬಾರದು. ಏನನ್ನೂ ನಂಬದವನಿಗೆ ನಿಜವಾದ ಎಚ್ಚರಿಕೆಯೂ ತಟ್ಟದು.

ಇಂದು ರಾತ್ರಿ ಊಟವಾದ ಮೇಲೆ, ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗೆ ಬಂದ ಒಂದು ಸಂದೇಶವನ್ನು ಇಬ್ಬರೂ ಸೇರಿ ಪರಿಶೀಲಿಸಿ. ‘ಅಮ್ಮಾ, ಇದು ಸುಳ್ಳು’ ಎಂದು ಅವಳು ತೋರಿಸಿಕೊಟ್ಟರೆ ಮುನಿಸಿಕೊಳ್ಳಬೇಡಿ. ಅಂದು ಆ ಸಂದೇಶ ಕೆಲವರ ಕೈಯಲ್ಲಾದರೂ ನಿಂತಿದ್ದರೆ, ಹೈದರಾಬಾದಿನ ಆ ತಾಯಿಯ ಮಗ ಮನೆಗೆ ಮರಳುತ್ತಿದ್ದನೋ ಏನೋ!